ಟಿಕೆಟ್‌ನಲ್ಲಿ ಹೋಗುವಾಗ 9 ಗಂಟೆ, ಬರುವಾಗ 35 ಗಂಟೆ: ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ಲೆಕ್ಕ ಯಾರಾದರೂ ಬಿಡಿಸಿ ಹೇಳುತ್ತೀರಾ?

ಉಡುಪಿ_ಟೀಚರ್

ನಮಸ್ಕಾರ ಎಲ್ಲರಿಗೂ. ನನ್ನ ತಮ್ಮ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರ ಇದ್ದಾನೆ. ನಾದಿನಿಗೆ ಮೇ ತಿಂಗಳಲ್ಲಿ ಹೆರಿಗೆ. ಅಪ್ಪ ಅಮ್ಮ ಏಪ್ರಿಲ್ ಕೊನೆಗೆ ಹೊರಟು ಅಕ್ಟೋಬರ್ ಮಧ್ಯಕ್ಕೆ ವಾಪಸ್ ಬರುವುದು ಅಂತ ನಿಶ್ಚಯ ಆಗಿದೆ. ಅಪ್ಪನಿಗೆ 69, ಅಮ್ಮನಿಗೆ 64. ಇಬ್ಬರೂ ಈವರೆಗೆ ವಿಮಾನ ಹತ್ತಿದ್ದು ಒಂದೇ ಸಲ, ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ಮುಂಬೈಗೆ, ಅದೂ ಮದುವೆಗೆ.

ಅಪ್ಪ 36 ವರ್ಷ ಬ್ಯಾಂಕಿನಲ್ಲಿ ದುಡಿದವರು. ಲೆಕ್ಕ ತಾಳೆ ಆಗದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಮಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಆಕಾಶದಲ್ಲಿ ಎಷ್ಟು ದೂರ ಅಂತ ಮೊಬೈಲ್‌ನಲ್ಲಿ ನೋಡಿಕೊಟ್ಟೆ, ಸುಮಾರು 14,100 ಕಿ.ಮೀ. ಅಂತ ಬಂತು. ವಿಮಾನ ಗಂಟೆಗೆ 900 ಕಿ.ಮೀ. ಹೋಗುತ್ತದೆ ಅಂತ ಅವರೇ ಪೇಪರಿನಲ್ಲಿ ಓದಿದ್ದರು. ಭಾಗಿಸಿದರು. 15 ಗಂಟೆ 40 ನಿಮಿಷ. ಪುಸ್ತಕದಲ್ಲಿ ಬರೆದು ಕೆಳಗೆ ಎರಡು ಗೆರೆಯನ್ನೂ ಎಳೆದರು.

ಆಮೇಲೆ ತಮ್ಮ ಟಿಕೆಟ್ ಕಳಿಸಿದ. ಬೆಂಗಳೂರಿಂದ ದುಬೈ, ದುಬೈಯಿಂದ ಸ್ಯಾನ್ ಫ್ರಾನ್ಸಿಸ್ಕೋ. ಬೆಂಗಳೂರು ಬಿಡುವುದು ಬೆಳಗಿನ ಜಾವ 4ಕ್ಕೆ, ಅಲ್ಲಿ ಇಳಿಯುವುದು ಅದೇ ದಿನ ಮಧ್ಯಾಹ್ನ 12.50ಕ್ಕೆ. ಅಂದ್ರೆ 9 ಗಂಟೆಯೂ ಇಲ್ಲ! ವಾಪಸ್ ಬರುವಾಗ ಭಾನುವಾರ ಸಂಜೆ 4ಕ್ಕೆ ಹೊರಟರೆ ಬೆಂಗಳೂರಿಗೆ ಬರುವುದು ಮಂಗಳವಾರ ಬೆಳಗಿನ ಜಾವ 3ಕ್ಕೆ. ಅದು 35 ಗಂಟೆ. ತಮ್ಮನನ್ನು ಕೇಳಿದರೆ "ಒಟ್ಟು 21, 22 ಗಂಟೆ ಅಕ್ಕ, ಹೆದರಬೇಡಿ" ಅನ್ನುತ್ತಾನೆ. ಈಗ ಅಪ್ಪನ ಹತ್ರ ನಾಲ್ಕು ಉತ್ತರ ಇದೆ: 9, 15.40, 21, 35. ಒಂದಕ್ಕೊಂದು ತಾಳೆ ಇಲ್ಲ. ಎರಡು ದಿನದಿಂದ ಅದೇ ಮಾತು.

ಕಾಲವಲಯದ ವ್ಯತ್ಯಾಸ ಅಂತ ನನಗೆ ಅಂದಾಜು ಉಂಟು. ಆದರೆ ಅವರಿಗೆ ಒಪ್ಪುವ ಹಾಗೆ ಕೂರಿಸಿ ಹೇಳಲು ಬರುತ್ತಿಲ್ಲ, ನಾನು ಕನ್ನಡ ಟೀಚರ್, ಭೂಗೋಳ ಅಲ್ಲ. ಇನ್ನೊಂದು ಪ್ರಶ್ನೆ, ಇದು ನನ್ನದು: ಅಮೆರಿಕ ಇರುವುದು ಪಶ್ಚಿಮಕ್ಕಾ, ಪೂರ್ವಕ್ಕಾ? ನಕ್ಷೆಯಲ್ಲಿ ಎಡಗಡೆ ಉಂಟು, ಆದರೆ ವಿಮಾನ ಉತ್ತರ ಧ್ರುವದ ಕಡೆ ಹೋಗುತ್ತದೆ ಅಂತ ತಮ್ಮ ಹೇಳುತ್ತಾನೆ. ಅಷ್ಟು ಮೇಲೆ ಹೋಗಿ ಸುತ್ತು ಹಾಕುವುದು ಯಾಕೆ?

ಮತ್ತೆ ಮುಖ್ಯವಾದದ್ದು, ಅಮ್ಮನಿಗೆ ಮಂಡಿನೋವು. ಅಷ್ಟು ಹೊತ್ತು ಕೂತರೆ ಏನು ಕಥೆ ಅಂತ ಹೆದರಿಕೆ.


ಕಾಪು_ಕಡಲು

ಟೀಚರ್, ಮೊದಲು ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳಿ. ಅವರ ಭಾಗಾಕಾರ ಸರಿಯಾಗಿಯೇ ಇದೆ. ತಪ್ಪಿರುವುದು ವಿಮಾನ ಆ 14,100 ಕಿ.ಮೀ. ದಾರಿಯಲ್ಲೇ ಹೋಗುತ್ತದೆ ಅಂತ ಅಂದುಕೊಂಡದ್ದು.

ನಾನು 28 ವರ್ಷ ಹಡಗಿನಲ್ಲಿ ಇದ್ದವ, ಈಗ ಊರಿನಲ್ಲಿದ್ದೇನೆ. ವಿಮಾನಕ್ಕೂ ಹಡಗಿಗೂ ದಾರಿ ಹಾಕುವ ಲೆಕ್ಕ ಒಂದೇ. ನಿಮ್ಮ ಶಾಲೆಯಲ್ಲಿ ಗ್ಲೋಬ್ ಇರಬೇಕಲ್ವಾ? ಒಂದು ನೂಲು ತಗೊಳ್ಳಿ. ಮಲ್ಲಿಗೆ ಕಟ್ಟುವ ಬಾಳೆನಾರು ಇದ್ದರೆ ಇನ್ನೂ ಒಳ್ಳೆಯದು, ಅದು ಎಳೆದರೆ ಹಿಗ್ಗುವುದಿಲ್ಲ. ಒಂದು ತುದಿ ಮಂಗಳೂರಿನ ಮೇಲೆ ಒತ್ತಿ ಹಿಡಿಯಿರಿ, ಇನ್ನೊಂದು ತುದಿ ಸ್ಯಾನ್ ಫ್ರಾನ್ಸಿಸ್ಕೋ ಮೇಲೆ. ಈಗ ಬಿಗಿಯಾಗಿ ಎಳೆಯಿರಿ. ನಾರು ತಾನಾಗಿಯೇ ಜಾರಿ ಮೇಲೆ ಹೋಗುತ್ತದೆ. ಹಿಮಾಲಯ ದಾಟಿ, ಚೀನಾ ದಾಟಿ, ಸೈಬೀರಿಯದ ಮೇಲಿನ ಹೆಪ್ಪುಗಟ್ಟಿದ ಸಮುದ್ರದ ಅಂಚು ಮುಟ್ಟಿ, ಅಲಾಸ್ಕದ ಮೇಲಿಂದ ಕೆಳಗಿಳಿಯುತ್ತದೆ. ಅದೇ ಎಲ್ಲಕ್ಕಿಂತ ಹತ್ತಿರದ ದಾರಿ. ಯಾರೂ ಸುತ್ತು ಹಾಕುತ್ತಿಲ್ಲ.

ಸುತ್ತು ಅಂತ ಕಾಣುವುದು ಗೋಡೆಗೆ ತೂಗು ಹಾಕುವ ನಕ್ಷೆಯಿಂದ. ಅದನ್ನು 1569ರಲ್ಲಿ ಮರ್ಕೇಟರ್ ಎಂಬವರು ನಮ್ಮಂಥ ಸಮುದ್ರದವರಿಗಾಗಿ ಮಾಡಿದ್ದು. ದಿಕ್ಕು ಹಿಡಿದು ಹೋಗಲು ಅದು ಬಹಳ ಉಪಯೋಗ, ಆದರೆ ಧ್ರುವದ ಕಡೆಯ ಜಾಗವನ್ನೆಲ್ಲ ಹಿಗ್ಗಿಸಿ ತೋರಿಸುತ್ತದೆ. ಅದರಲ್ಲಿ ಗ್ರೀನ್‌ಲ್ಯಾಂಡ್ ಭಾರತಕ್ಕಿಂತ ಎಷ್ಟೋ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಗ್ರೀನ್‌ಲ್ಯಾಂಡ್ ಸುಮಾರು 22 ಲಕ್ಷ ಚದರ ಕಿ.ಮೀ., ನಮ್ಮ ದೇಶ ಸುಮಾರು 33 ಲಕ್ಷ. ಆ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಮಂಗಳೂರಿಂದ ಪೂರ್ವಕ್ಕೆ ಪೆಸಿಫಿಕ್ ದಾಟಿ ನೇರ ಗೆರೆ ಎಳೆದು ಅದರಲ್ಲೇ ಹಾರಿದರೆ ಸುಮಾರು 16,400 ಕಿ.ಮೀ. ಆಗುತ್ತದೆ. ಬಾಗಿದ ಹಾಗೆ ಕಾಣುವ ದಾರಿಗಿಂತ 2,300 ಕಿ.ಮೀ. ಜಾಸ್ತಿ.

ಪೂರ್ವವಾ ಪಶ್ಚಿಮವಾ ಅಂತ ಕೇಳಿದ್ದೀರಿ. ಎರಡೂ ಹೌದು. ಅಷ್ಟು ದೂರದ ಊರು ಅಂದ್ರೆ ಚೆಂಡಿನ ಆಚೆ ಬದಿ. ಯಾವ ಕಡೆಯಿಂದ ಹೋದರೂ ಸಿಗುತ್ತದೆ. ಇನ್ನೂ ಒಂದು ವಿಷಯ, ನಿಮ್ಮವರು ಹೋಗುವುದು ದುಬೈಯಿಂದ ಅಲ್ವಾ? ದುಬೈ 55 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಸ್ಯಾನ್ ಫ್ರಾನ್ಸಿಸ್ಕೋ 122 ಡಿಗ್ರಿ ಪಶ್ಚಿಮದಲ್ಲಿ. ಕೂಡಿಸಿದರೆ 180ರ ಹತ್ತಿರ, ಅಂದ್ರೆ ರೇಖಾಂಶದ ಲೆಕ್ಕದಲ್ಲಿ ಹೆಚ್ಚು ಕಡಿಮೆ ಎದುರು ಬದಿಗಳು. ಹಾಗಾಗಿ ಅಲ್ಲಿ ನಾರು ಎಳೆದರೆ ಹೆಚ್ಚು ಕಡಿಮೆ ಉತ್ತರ ಧ್ರುವದ ಮೇಲೆಯೇ ಹೋಗುತ್ತದೆ. ನಿಮ್ಮ ತಮ್ಮ ಹೇಳಿದ್ದು ಸರಿ.


ಮಣಿಪಾಲ_ಸ್ಟೂಡೆಂಟ್

ಹೋಗುವಾಗ 9 ಗಂಟೆ ಬರುವಾಗ 35 ಅಂದ್ರೆ ಅದು ಭೂಮಿ ತಿರುಗುವುದರಿಂದ ಅಲ್ವಾ? ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ, ವಿಮಾನ ಮೇಲೆ ಇರುವಾಗ ಕೆಳಗೆ ಊರು ತಾನಾಗಿ ಹತ್ತಿರ ಬರುತ್ತದೆ, ಹಾಗಾಗಿ ಒಂದು ಕಡೆಗೆ ಬೇಗ, ಇನ್ನೊಂದು ಕಡೆಗೆ ನಿಧಾನ. ಪಿಯುಸಿಯಲ್ಲಿ ಹೀಗೇ ಓದಿದ ನೆನಪು.


ಬಜ್ಪೆ_ರನ್‌ವೇ

ತಮ್ಮಾ, ಹಾಗಲ್ಲ. ಬಹಳ ಜನ ಹೀಗೆ ಅಂದುಕೊಂಡಿರುತ್ತಾರೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಉಡುಪಿಯಲ್ಲಿ ನಾವು ಸುಮ್ನೆ ಕೂತಿದ್ದರೂ ಭೂಮಿಯ ಜೊತೆ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿದ್ದೇವೆ. ನಮ್ಮ ಮೇಲಿನ ಗಾಳಿಯೂ ಜೊತೆಗೇ ತಿರುಗುತ್ತದೆ. ವಿಮಾನ ಹಾರುವುದು ಆ ಗಾಳಿಯಲ್ಲಿ. ಕಿಟಕಿ ಮುಚ್ಚಿದ ಬಸ್ಸು ಓಡುವಾಗ ಒಳಗೆ ಒಂದು ನೊಣ ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ ಆರಾಮವಾಗಿ ಹಾರುತ್ತದೆ ಅಲ್ವಾ, ಹಿಂದಿನ ಗಾಜಿಗೆ ಹೋಗಿ ಬಡಿಯುವುದಿಲ್ಲ. ಹಾಗೆ. ಊರು ತಾನಾಗಿ ಹತ್ತಿರ ಬರುವುದಾದರೆ ಬಜ್ಪೆಯಲ್ಲಿ ಹೆಲಿಕಾಪ್ಟರ್ ಹತ್ತಿ ಎರಡು ಗಂಟೆ ಮೇಲೆ ನಿಂತು ಕೆಳಗಿಳಿದರೆ ಯೆಮನ್ ದೇಶದ ಏಡನ್ ಸಿಗಬೇಕಿತ್ತು!

ಆದರೆ ಹೋಗುವ ಹೊತ್ತಿಗೂ ಬರುವ ಹೊತ್ತಿಗೂ ಬೇರೆ ಒಂದು ಕಾರಣದಿಂದ ನಿಜವಾದ ವ್ಯತ್ಯಾಸ ಉಂಟು. ಅದು ಗಾಳಿಯ ಹೊಳೆ. ಇಂಗ್ಲಿಷಿನಲ್ಲಿ ಜೆಟ್ ಸ್ಟ್ರೀಮ್ ಅನ್ನುತ್ತಾರೆ. ನೆಲದಿಂದ 9ರಿಂದ 12 ಕಿ.ಮೀ. ಮೇಲೆ, ಅಂದ್ರೆ ಸರಿಯಾಗಿ ದೊಡ್ಡ ವಿಮಾನಗಳು ಹಾರುವ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಒಂದೇ ಸಮನೆ ಗಾಳಿ ಹರಿಯುತ್ತಿರುತ್ತದೆ. ಗಂಟೆಗೆ 150, 200 ಕಿ.ಮೀ. ಸಾಮಾನ್ಯ. ಚಳಿಗಾಲದಲ್ಲಿ 300 ದಾಟುವುದೂ ಉಂಟು. ಮಲ್ಪೆಯಲ್ಲಿ ದೋಣಿಯವರನ್ನು ಕೇಳಿ, ಇಳಿತದ ಹೊತ್ತಿಗೆ ಹೊಳೆಯಿಂದ ಕಡಲಿಗೆ ಹೋಗುವುದಕ್ಕೂ ಅದೇ ಹೊತ್ತಿಗೆ ಕಡಲಿಂದ ಹೊಳೆಗೆ ಬರುವುದಕ್ಕೂ ಎಷ್ಟು ವ್ಯತ್ಯಾಸ ಅಂತ. ದೂರ ಅದೇ, ಎಂಜಿನ್ ಅದೇ. ನೀರು ಮಾತ್ರ ಒಮ್ಮೆ ಜೊತೆಗೆ, ಒಮ್ಮೆ ಎದುರಿಗೆ.

2020ರ ಫೆಬ್ರವರಿಯಲ್ಲಿ ಹಿಂದಿನಿಂದ ಬಿರುಗಾಳಿ ಸಿಕ್ಕಿ ಬ್ರಿಟಿಷ್ ಏರ್‌ವೇಸ್‌ನ ಒಂದು ವಿಮಾನ ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ತಲುಪಿತ್ತು. ಸಾಮಾನ್ಯವಾಗಿ ಆರೂವರೆ, ಏಳು ಗಂಟೆ ಬೇಕು.

ನಮ್ಮ ವಿಷಯಕ್ಕೇ ಹತ್ತಿರದ್ದು ಇನ್ನೊಂದು. ಟೀಚರ್, ಇದನ್ನು ನಿಮ್ಮ ತಂದೆಯವರಿಗೆ ಖಂಡಿತ ಓದಿ ಹೇಳಿ. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಏರ್ ಇಂಡಿಯಾ ಮೊದಲು ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು. 2016ರ ಅಕ್ಟೋಬರ್‌ನಲ್ಲಿ ದಾರಿ ಬದಲಿಸಿ ಪೂರ್ವಕ್ಕೆ, ಪೆಸಿಫಿಕ್ ಮೇಲೆ ಹೋದರು. ಆ ದಾರಿ ಸುಮಾರು 15,300 ಕಿ.ಮೀ. ಹಳೆಯ ದಾರಿಗಿಂತ ಸಾವಿರ ಕಿ.ಮೀ.ಗೂ ಮಿಕ್ಕಿ ಜಾಸ್ತಿ. ಆದರೂ ಸುಮಾರು 14 ಗಂಟೆ 30 ನಿಮಿಷದಲ್ಲಿ ಮುಟ್ಟಿದರು, ಹಳೆಯ ದಾರಿಗಿಂತ ಬೇಗ! ಕಿಲೋಮೀಟರ್ ಜಾಸ್ತಿ, ಹೊತ್ತು ಕಡಿಮೆ. ಬೆನ್ನಿಗೆ ಗಾಳಿ ಇತ್ತು ಅಷ್ಟೆ. ನಾನು ವಿಮಾನಗಳಿಗೆ ದಾರಿ ಮತ್ತು ಇಂಧನ ಲೆಕ್ಕ ಹಾಕುವ ವಿಭಾಗದಲ್ಲಿ ಕೆಲಸ ಮಾಡಿದವನು. ಈ ಕೆಲಸದಲ್ಲಿ ಎಷ್ಟು ದೂರ ಅಂತ ಯಾರೂ ಕೇಳುವುದಿಲ್ಲ. ಎಷ್ಟು ಹೊತ್ತು, ಎಷ್ಟು ಇಂಧನ, ಈ ಎರಡೇ ಮಾತು.


ಮಣಿಪಾಲ_ಸ್ಟೂಡೆಂಟ್

ಬಸ್ಸಿನ ನೊಣದಲ್ಲಿ ಅರ್ಥ ಆಯ್ತು ಅಣ್ಣ. ಇಷ್ಟು ವರ್ಷ ತಪ್ಪು ತಿಳ್ಕೊಂಡಿದ್ದೆ.


ಉಡುಪಿ_ಟೀಚರ್

ಎಷ್ಟು ಚೆಂದ ಹೇಳಿದಿರಿ ಇಬ್ಬರೂ. ಅಪ್ಪನಿಗೆ ಓದಿ ಹೇಳಿದೆ. 15,300 ಕಿ.ಮೀ. ಹದಿನಾಲ್ಕೂವರೆ ಗಂಟೆಯಲ್ಲಿ ಅಂದ ಕೂಡಲೇ ಪೆನ್ನು ತಗೊಂಡರು, "ಗಂಟೆಗೆ 1,055 ಆಯ್ತಲ್ಲ" ಅಂದರು. ಒಂದಷ್ಟು ಹೊತ್ತು ಸುಮ್ಮನಿದ್ದರು. ಆದರೆ ಆ 9 ಮತ್ತು 35 ಇನ್ನೂ ಬಾಕಿ ಉಂಟು. ಗಾಳಿಯಿಂದ ಅಷ್ಟು ವ್ಯತ್ಯಾಸ ಬರುವುದಿಲ್ಲ ಅಲ್ವಾ?


ಬಜ್ಪೆ_ರನ್‌ವೇ

ಇಲ್ಲ ಮೇಡಂ, ಅದು ಗಡಿಯಾರದ್ದು. ಧ್ರುವದ ದಾರಿಯಲ್ಲಿ ಗಾಳಿಯಿಂದ ಆಗುವ ವ್ಯತ್ಯಾಸ ಕಡಿಮೆಯೇ.

ಟಿಕೆಟ್‌ನಲ್ಲಿ ಯಾವಾಗಲೂ ಆಯಾ ಊರಿನ ಗಂಟೆ ಹಾಕುತ್ತಾರೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ 12 ಗಂಟೆ 30 ನಿಮಿಷ ಹಿಂದೆ. ಹಾಗಾಗಿ ಹೋಗುವಾಗ ಟಿಕೆಟ್‌ನಲ್ಲಿ ಕಾಣುವ 8 ಗಂಟೆ 50 ನಿಮಿಷಕ್ಕೆ 12.30 ಕೂಡಿಸಿ. 21 ಗಂಟೆ 20 ನಿಮಿಷ. ಬರುವಾಗ ಕಾಣುವ 35 ಗಂಟೆಯಿಂದ 12.30 ಕಳೆಯಿರಿ. 22 ಗಂಟೆ 30 ನಿಮಿಷ. ನಿಮ್ಮ ತಮ್ಮ ಹೇಳಿದ 21, 22 ಇದೇ. ತಾಳೆ ಆಯ್ತಲ್ವಾ?

ಒಂದು ಎಚ್ಚರಿಕೆ. ಅಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರ ಬದಲಿಸುತ್ತಾರೆ. ಮಾರ್ಚ್ ಎರಡನೇ ಭಾನುವಾರ ಒಂದು ಗಂಟೆ ಮುಂದೆ, ನವೆಂಬರ್ ಮೊದಲ ಭಾನುವಾರ ಒಂದು ಗಂಟೆ ಹಿಂದೆ. ಚಳಿಗಾಲದಲ್ಲಿ ಹೋಗುವವರು 12.30ರ ಬದಲು 13.30 ಹಿಡಿಯಬೇಕು. ನಿಮ್ಮವರು ಹೋಗುವುದೂ ಬರುವುದೂ ಇವೆರಡರ ನಡುವೆ, ಹಾಗಾಗಿ ತೊಂದರೆ ಇಲ್ಲ.

ಇನ್ನು 15.40 ಮತ್ತು 21.20ರ ನಡುವಿನ 5 ಗಂಟೆ 40 ನಿಮಿಷ ಎಲ್ಲಿ ಹೋಯ್ತು ಅಂತ ತಂದೆಯವರು ಕೇಳಿಯೇ ಕೇಳುತ್ತಾರೆ. ಬೆಂಗಳೂರು–ದುಬೈ ಸುಮಾರು 2,700 ಕಿ.ಮೀ., ದುಬೈ–ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 13,000. ಕೂಡಿಸಿದರೆ 15,700. ನೇರ ದಾರಿಗಿಂತ ಬರೀ 1,600, 1,700 ಜಾಸ್ತಿ, ಅದಕ್ಕೆ ಹೆಚ್ಚೆಂದರೆ ಎರಡು ಗಂಟೆ. ದುಬೈಯಲ್ಲಿ ಇಳಿದು ಹತ್ತಲು ಎರಡು ಗಂಟೆಗೂ ಸ್ವಲ್ಪ ಜಾಸ್ತಿ. ಉಳಿದದ್ದು ನೆಲದ ಮೇಲೆ ಉರುಳುವುದು, ನಿಧಾನಕ್ಕೆ ಏರುವುದು, ಇಳಿಯುವುದು, ದೇಶಗಳ ಗಡಿ ನೋಡಿ ಬಳಸಿ ಹೋಗುವುದು. 900 ಎಂಬ ವೇಗ ನಡುದಾರಿಯದ್ದು ಮಾತ್ರ. ಬಾಗಿಲು ಮುಚ್ಚಿದಲ್ಲಿಂದ ಬಾಗಿಲು ತೆರೆಯುವವರೆಗೆ ಲೆಕ್ಕ ಹಾಕಿದರೆ ಅದು ಯಾವಾಗಲೂ ಕಡಿಮೆ ಬೀಳುತ್ತದೆ.

ಗಡಿಯ ವಿಷಯ ಅಂದೆ. 2022ರಿಂದ ಅಮೆರಿಕದ ಮತ್ತು ಯುರೋಪಿನ ಬಹಳಷ್ಟು ದೇಶಗಳ ವಿಮಾನಗಳು ರಷ್ಯಾದ ಮೇಲೆ ಹಾರುವಂತಿಲ್ಲ, ನಮ್ಮವು ಹಾರಬಹುದು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ಆಕಾಶ ಮುಚ್ಚಿತು, ಆಗ ದೆಹಲಿಯಿಂದ ಅಮೆರಿಕಕ್ಕೆ ಹೋಗುವ ವಿಮಾನಗಳು ಸುತ್ತಿ ಹೋಗಬೇಕಾಯಿತು. ಹಿಮಾಲಯ ಮತ್ತು ಟಿಬೆಟ್ ಮೇಲಂತೂ ಸಾಮಾನ್ಯವಾಗಿ ಹೋಗುವುದೇ ಇಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ ಕೈಕೊಟ್ಟರೆ ತಕ್ಷಣ ಕೆಳಗೆ ಇಳಿಸಬೇಕು, ಅಲ್ಲಿ ಇಳಿಸಲು ಜಾಗ ಎಲ್ಲಿದೆ? ಕೆಳಗೆ ಬೆಟ್ಟ. ಕಾಪುವಿನ ಅಣ್ಣ ಹೇಳಿದ ಬಾಳೆನಾರಿನ ದಾರಿ ಲೆಕ್ಕಕ್ಕೆ ನೂರಕ್ಕೆ ನೂರು ಸರಿ, ಆದರೆ ಅದರ ಮೇಲೆ ಹಾಗೇ ಹಾರಲು ಬಿಡುವುದಿಲ್ಲ.


ಕಾಪು_ಕಡಲು

ಒಪ್ಪಿದೆ. ಹಡಗಿಗೂ ಹಾಗೇ. ಗೆರೆ ಎಳೆಯುವುದು ಸುಲಭ, ನಡುವೆ ನೆಲ ಬರುತ್ತದೆ.

ಗಡಿಯಾರದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಭೂಮಿ 24 ಗಂಟೆಗೆ 360 ಡಿಗ್ರಿ, ಅಂದ್ರೆ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ನಮ್ಮ ದೇಶದ ಗಂಟೆ ಇಟ್ಟಿರುವುದು ಎಂಬತ್ತೆರಡೂವರೆ ಡಿಗ್ರಿ ರೇಖೆಗೆ, ಅದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹೋಗುತ್ತದೆ. ಉಡುಪಿ ಅದಕ್ಕಿಂತ ಏಳೂಮುಕ್ಕಾಲು ಡಿಗ್ರಿ ಪಶ್ಚಿಮಕ್ಕಿದೆ. ಹಾಗಾಗಿ ನಮ್ಮಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವುದು 12ಕ್ಕಲ್ಲ, ಹನ್ನೆರಡೂವರೆ ಹೊತ್ತಿಗೆ. ಅಂಗಳದಲ್ಲಿ ಒಂದು ಕೋಲು ನೆಟ್ಟು ನೆರಳು ಯಾವಾಗ ಎಲ್ಲಕ್ಕಿಂತ ಚಿಕ್ಕದಾಗುತ್ತದೆ ಅಂತ ತಂದೆಯವರು ನೋಡಲಿ. ಗಡಿಯಾರ ಅಂದ್ರೆ ಜನ ಕೂತು ಮಾಡಿಕೊಂಡ ಒಪ್ಪಂದ. ಇದು ಒಂದು ಸಲ ಮನಸ್ಸಿಗೆ ಹೋದರೆ 9 ಮತ್ತು 35 ತೊಂದರೆ ಕೊಡುವುದಿಲ್ಲ.

ಮತ್ತೆ ನೆನಪಾಯ್ತು. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಬಂತಲ್ವಾ, ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಜೊತೆಯ ಪೈಲಟ್‌ಗಳು, ಎಲ್ಲರೂ ಹೆಂಗಸರೇ, ಉತ್ತರ ಧ್ರುವದ ದಾರಿಯಲ್ಲಿ ತಂದರು. ಹೊರಟದ್ದು 9ನೇ ತಾರೀಕು ರಾತ್ರಿ, ಇಳಿದದ್ದು 11ನೇ ತಾರೀಕು ಬೆಳಗಿನ ಜಾವ. ಹಾರಿದ್ದು ಸುಮಾರು 17 ಗಂಟೆ ಮಾತ್ರ. 10ನೇ ತಾರೀಕು ಇಡೀ ದಿನ ಆಕಾಶದಲ್ಲೇ ಮುಗಿಯಿತು. ಆ ದಿನ ಟಿವಿ ಮುಂದೆ ಕೂತು ನೋಡುವಾಗ ನನಗೆ ಕಣ್ಣು ತುಂಬಿತ್ತು.


ಕಿನ್ನಿಗೋಳಿ_ಕಾರ್

ನೇರವಾಗಿ ಮಂಗಳೂರಿಂದಲೇ ಅಮೆರಿಕಕ್ಕೆ ವಿಮಾನ ಯಾಕೆ ಬಿಡುವುದಿಲ್ಲ? ನಮ್ಮ ಜಿಲ್ಲೆಗಳಿಂದ ಅಷ್ಟು ಜನ ಹೋಗುತ್ತಾರೆ.


ಬಜ್ಪೆ_ರನ್‌ವೇ

ರನ್‌ವೇ ಸಾಕಾಗುವುದಿಲ್ಲ. ಬಜ್ಪೆಯ ರನ್‌ವೇ 2,450 ಮೀಟರ್, ಗುಡ್ಡದ ತಲೆಯ ಮೇಲೆ. ಆಚೆ ಈಚೆ ಕಣಿವೆ. 14,000 ಕಿ.ಮೀ.ಗೆ ಬೇಕಾದ ಇಂಧನ ತುಂಬಿದ ದೊಡ್ಡ ವಿಮಾನಕ್ಕೆ ನಮ್ಮ ಸೆಕೆಯಲ್ಲಿ 3,000 ಮೀಟರ್‌ಗಿಂತ ಜಾಸ್ತಿ ಬೇಕು. ಬೆಂಗಳೂರಿನಲ್ಲಿ 4,000 ಮೀಟರ್ ಉಂಟು. ಗಲ್ಫ್‌ಗೆ ಹೋಗುವ ಸಣ್ಣ ವಿಮಾನಕ್ಕೆ ನಮ್ಮದು ಸಾಕು, ದುಬೈಗೆ ಬಜ್ಪೆಯಿಂದ ಸುಮಾರು 2,460 ಕಿ.ಮೀ. ಅಷ್ಟೆ. 2010ರ ಮೇ 22ರ ವಿಮಾನ ದುರಂತವನ್ನು ನೋಡಿದ ಊರು ನಮ್ಮದು. 158 ಜನ ಹೋದರು. ಆ ರನ್‌ವೇ ಮೇಲೆ ಯಾರೂ ಅವಸರ ಮಾಡಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ.


ಕಿನ್ನಿಗೋಳಿ_ಕಾರ್

ಹೌದು. ಆ ದಿನ ನಾನೂ ಬಜ್ಪೆಯಲ್ಲಿದ್ದೆ.

ಟೀಚರ್, ನಾನು ಟ್ಯಾಕ್ಸಿ ಓಡಿಸುವವ. ಬಜ್ಪೆಯಿಂದ ಬೆಂಗಳೂರಿಗೆ ವಿಮಾನದಲ್ಲಿ ಹೋಗುವುದಾದರೆ ಉಡುಪಿಯಿಂದ ಮೂಲ್ಕಿ, ಕಿನ್ನಿಗೋಳಿ, ಕಟೀಲು ದಾರಿಯಾಗಿ ಬನ್ನಿ, ಸುಮಾರು 55 ಕಿ.ಮೀ. ಮಂಗಳೂರು ಪೇಟೆಗೆ ಹೋಗಿ ತಿರುಗಬೇಕಾಗಿಲ್ಲ. ಎರಡು ಗಂಟೆ ಇಟ್ಟುಕೊಳ್ಳಿ.


ಕುಂದಾಪ್ರ_ಅಮ್ಮ

ನಾನು ಮಗಳ ಮನೆಗೆ ಮೂರು ಸಲ ಹೋಗಿ ಬಂದವಳು, ಅದೇ ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ. ಎಲ್ಲರೂ ದೂರ, ಗಾಳಿ, ಗಡಿಯಾರ ಹೇಳಿದರು. ನಿಮ್ಮ ಅಮ್ಮನ ಮಂಡಿಯ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ.

ಆ 21 ಗಂಟೆಯನ್ನು ನಂಬಬೇಡಿ ಮಗಾ. ಅದು ವಿಮಾನದ ಲೆಕ್ಕ. ಮನೆ ಬಾಗಿಲಿಂದ ಮನೆ ಬಾಗಿಲಿಗೆ ಲೆಕ್ಕ ಹಾಕಿ. ಉಡುಪಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸು ಅಥವಾ ರೈಲು ಅಂದ್ರೆ ಒಂಬತ್ತು ಹತ್ತು ಗಂಟೆ. ಅಲ್ಲಿಂದ ದೇವನಹಳ್ಳಿಗೆ ಇನ್ನೊಂದು ಗಂಟೆ, ಟ್ರಾಫಿಕ್ ಇದ್ದರೆ ಎರಡು. ವಿಮಾನಕ್ಕೆ ಮೂರು ಗಂಟೆ ಮೊದಲೇ ಇರಬೇಕು. ಅಲ್ಲಿ ಇಳಿದ ಮೇಲೆ ಪಾಸ್‌ಪೋರ್ಟ್ ನೋಡುವ ಸಾಲು, ಬ್ಯಾಗು, ಮತ್ತೆ ಕಾರಿನಲ್ಲಿ ಮನೆಗೆ. ಎಲ್ಲ ಸೇರಿದರೆ 36, 38 ಗಂಟೆ. ಮೊದಲನೇ ಸಲ ನಾನು ರಾತ್ರಿ ಬಸ್ಸಿನಲ್ಲಿ ಹೋಗಿ ಹಗಲಿಡೀ ಕಾದು ಅದೇ ರಾತ್ರಿ ವಿಮಾನ ಹತ್ತಿದೆ. ಮಗಳ ಮನೆಗೆ ಮುಟ್ಟುವಾಗ ಕಾಲು ಚಪ್ಪಲಿಗೆ ಹೋಗುತ್ತಿರಲಿಲ್ಲ, ಅಷ್ಟು ಬಾವು. ಎರಡನೇ ಸಲ ಒಂದು ದಿನ ಮೊದಲೇ ಬೆಂಗಳೂರಿಗೆ ಹೋಗಿ ತಂಗಿಯ ಮನೆಯಲ್ಲಿ ಮಲಗಿ ಎದ್ದು ಹೋದೆ. ಬಹಳ ವ್ಯತ್ಯಾಸ ಆಯ್ತು. ನಿಮ್ಮವರಿಗೂ ಹಾಗೇ ಮಾಡಿ. ನೆಂಟರು ಇಲ್ಲದಿದ್ದರೆ ಒಂದು ರೂಮು ಮಾಡಿ, ಆ ದುಡ್ಡು ದಂಡ ಅಲ್ಲ.

ಟಿಕೆಟ್ ಮಾಡುವಾಗಲೇ ಇಬ್ಬರಿಗೂ ವೀಲ್‌ಚೇರ್ ಹೇಳಿ ಇಡಿ. ಅಪ್ಪ ಬೇಡ ಅನ್ನುತ್ತಾರೆ, ನನ್ನ ಮನೆಯವರೂ ಹಾಗೇ ಅಂದಿದ್ದರು. ಆದರೆ ದುಬೈಯಲ್ಲಿ ಒಂದು ಗೇಟಿನಿಂದ ಇನ್ನೊಂದಕ್ಕೆ ನಡೆಯುವ ದೂರ ಸಣ್ಣದಲ್ಲ, ರೈಲು, ಲಿಫ್ಟು ಎಲ್ಲ ಉಂಟು, ಎರಡು ಗಂಟೆಯ ಒಳಗೆ ಗಾಬರಿ ಆಗುತ್ತದೆ. ವೀಲ್‌ಚೇರ್ ಇದ್ದರೆ ಕರಕೊಂಡು ಹೋಗಲು ಜನ ಜೊತೆಗೆ ಬರುತ್ತಾರೆ, ದಾರಿ ತಪ್ಪುವ ಹೆದರಿಕೆ ಇಲ್ಲ. ಸಾಧ್ಯ ಆದರೆ ತಮ್ಮನಿಗೆ ಹೇಳಿ ನಡುವೆ ನಾಲ್ಕು ಗಂಟೆ ಸಿಗುವ ಟಿಕೆಟ್ ಹುಡುಕಿಸಿ. ಒಟ್ಟು ಹೊತ್ತು ಎರಡು ಗಂಟೆ ಜಾಸ್ತಿ ಆಗಲಿ, ಅಡ್ಡಿ ಇಲ್ಲ. ವಯಸ್ಸಾದವರಿಗೆ ಕಾಲು ಚಾಚಿ, ಮುಖ ತೊಳೆದು, ಒಂದು ಲೋಟ ಚಹಾ ಕುಡಿಯಲು ಅಷ್ಟು ಬೇಕು.

ದುಬೈಯಿಂದ ಮುಂದಿನದು 16 ಗಂಟೆ ಒಂದೇ ಕೂರುವುದು. ನಡುದಾರಿ ಬದಿಯ ಸೀಟು ತೆಗೆಸಿ. ಗಂಟೆ ಎರಡು ಗಂಟೆಗೊಮ್ಮೆ ಎದ್ದು ಹಿಂದಿನವರೆಗೆ ನಡೆದು ಬರಬೇಕು. ಕೂತಲ್ಲೇ ಕೂತರೆ ಕಾಲಿನ ರಕ್ತ ಹೆಪ್ಪುಗಟ್ಟುವುದುಂಟು ಅಂತ ಡಾಕ್ಟರು ನನಗೆ ಹೇಳಿದ್ದರು, ಕಾಲಿಗೆ ಹಾಕುವ ಬಿಗಿ ಸಾಕ್ಸ್ ಕೊಟ್ಟಿದ್ದರು. ನಿಮ್ಮ ಡಾಕ್ಟರನ್ನೂ ಕೇಳಿ. ಬಿಪಿ, ಶುಗರ್ ಮಾತ್ರೆ ಇದ್ದರೆ ಯಾವ ಹೊತ್ತಿಗೆ ತಗೊಳ್ಳಬೇಕು ಅಂತ ಅವರ ಹತ್ರವೇ ಬರೆಸಿಕೊಳ್ಳಿ. ರಾತ್ರಿಯ ಮಾತ್ರೆ ಅಂತ ಇದ್ದರೆ ಅಲ್ಲಿ ಯಾವ ರಾತ್ರಿ? ನಾನು ಕೈಯಲ್ಲಿ ಊರಿನ ಗಂಟೆಯ ವಾಚನ್ನೇ ಕಟ್ಟಿಕೊಂಡು ಹೋಗಿದ್ದೆ, ಮಗಳ ಮನೆಗೆ ಮುಟ್ಟಿದ ಮೇಲೆಯೇ ಬದಲಿಸಿದ್ದು.

ಊಟ ಸಸ್ಯಾಹಾರ ಅಂತ ಒಂದು ದಿನ ಮೊದಲಾದರೂ ಹೇಳಿರಬೇಕು. ಮತ್ತೆ ಬಾಣಂತಿಗೆ ಅಂತ ಅಮ್ಮ ಮನೆಯ ಕರಿಬೇವು ಕಟ್ಟಿಕೊಳ್ಳಬಹುದು, ನಾನೂ ಕಟ್ಟಿದ್ದೆ. ಒಯ್ಯಲು ಬಿಡುವುದಿಲ್ಲ. ಹಸಿ ಸೊಪ್ಪು, ಹಣ್ಣು ಏನೂ ಬೇಡ. ತಿಂಡಿ ಪದಾರ್ಥ ಏನೇ ಇದ್ದರೂ ಕೇಳಿದಾಗ ಇದೆ ಅಂತ ಹೇಳಿಬಿಡಲಿ.

ಮುಟ್ಟಿದ ಮೇಲೆ ಒಂದು ವಾರ ನಡುರಾತ್ರಿ ಎರಡು ಗಂಟೆಗೆ ಎಚ್ಚರ ಆಗುತ್ತದೆ, ಹಸಿವೆಯೂ ಆಗುತ್ತದೆ. ಅಲ್ಲಿ ರಾತ್ರಿ ಅಂದ್ರೆ ನಮ್ಮ ಹೊಟ್ಟೆಗೆ ಮಧ್ಯಾಹ್ನ. ಹೆದರಬೇಡಿ. ಹಗಲು ಹೊರಗೆ ಬಿಸಿಲಿನಲ್ಲಿ ನಡೆಯಲಿ, ಸರಿ ಆಗುತ್ತದೆ. ಹೆರಿಗೆಗೆ ಕನಿಷ್ಠ ಹತ್ತು ದಿನ ಮೊದಲು ಮುಟ್ಟುವ ಹಾಗೆ ನೋಡಿ. ಇಲ್ಲದಿದ್ದರೆ ಬಾಣಂತಿಯ ಜೊತೆ ಅಜ್ಜಿಯೂ ನಿದ್ದೆ ಇಲ್ಲದೆ ಸೋಲುತ್ತಾರೆ.


ಬ್ರಹ್ಮಾವರ_88

ಅಮ್ಮ ಹೇಳಿದ್ದರ ಜೊತೆ ಒಂದು ಮಾತು. ದಯವಿಟ್ಟು ಪೂರ್ತಿ ದಾರಿಗೆ ಒಂದೇ ಟಿಕೆಟ್ ಮಾಡಿಸಿ. ಬಜ್ಪೆಯಿಂದ ದುಬೈಗೆ ಒಂದು, ದುಬೈಯಿಂದ ಮುಂದೆ ಬೇರೆ ಕಂಪನಿಯದ್ದು ಇನ್ನೊಂದು, ಹೀಗೆ ಎರಡು ಬೇರೆ ಬೇರೆ ಟಿಕೆಟ್ ಮಾಡಿದರೆ ಕಡಿಮೆಗೆ ಆಗುತ್ತದೆ, ಬೆಂಗಳೂರಿಗೆ ಹೋಗುವ ಕಷ್ಟವೂ ಇಲ್ಲ ಅಂತ ಒಬ್ಬ ಏಜೆಂಟ್ ನನ್ನ ಮಾವನಿಗೆ ಮಾಡಿಕೊಟ್ಟಿದ್ದ. ಜುಲೈ ತಿಂಗಳು. ಬಜ್ಪೆಯಲ್ಲಿ ಮಳೆ, ಮೋಡ, ಮೊದಲ ವಿಮಾನ ನಾಲ್ಕು ಗಂಟೆ ತಡ. ದುಬೈಯಲ್ಲಿ ಎರಡನೆಯದು ಹೊರಟು ಹೋಗಿತ್ತು. ಟಿಕೆಟ್ ಒಂದೇ ಆಗಿದ್ದರೆ ಅವರೇ ಮುಂದಿನ ವಿಮಾನಕ್ಕೆ ಹಾಕುತ್ತಿದ್ದರು. ಬೇರೆ ಬೇರೆ ಆದ್ದರಿಂದ ಯಾರಿಗೂ ಜವಾಬ್ದಾರಿ ಇಲ್ಲ. 70 ವರ್ಷದ ಮನುಷ್ಯ ಒಂದು ರಾತ್ರಿ ಅಲ್ಲೇ ಕುರ್ಚಿಯಲ್ಲಿ ಕೂತರು. ನಾವು ಇಲ್ಲಿ ಕೂತು ಹೊಸ ಟಿಕೆಟ್ ಮಾಡಿದೆವು, ಉಳಿಸಿದ್ದಕ್ಕಿಂತ ಮೂರು ಪಟ್ಟು ಹೋಯ್ತು. ದುಡ್ಡು ಬಿಡಿ, ಆ ರಾತ್ರಿ ಫೋನಿನಲ್ಲಿ ಅವರ ದನಿ ಕೇಳಿದ್ದು ನನಗೆ ಇನ್ನೂ ಮರೆಯುವುದಿಲ್ಲ.

ಮಳೆಗಾಲದಲ್ಲಿ ಬೆಂಗಳೂರಿಗೆ ರಸ್ತೆಯಲ್ಲಿ ಹೋಗುವವರೂ ಒಂದು ದಿನ ಇಟ್ಟುಕೊಳ್ಳಿ. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಗಾಡಿಗಳನ್ನು ಚಾರ್ಮಾಡಿಯಂಥ ಬೇರೆ ಘಾಟಿಗಳ ಕಡೆ ತಿರುಗಿಸುತ್ತಾರೆ.


ಉಡುಪಿ_ಟೀಚರ್

ಎಲ್ಲರಿಗೂ ಹೇಗೆ ಧನ್ಯವಾದ ಹೇಳಬೇಕೋ ಗೊತ್ತಾಗುತ್ತಿಲ್ಲ.

ನಿನ್ನೆ ಶಾಲೆಯಿಂದ ಗ್ಲೋಬ್ ಮನೆಗೆ ತಂದೆ. ಅಮ್ಮ ಸಂಜೆ ದೇವರಿಗೆ ಮಲ್ಲಿಗೆ ಕಟ್ಟುತ್ತಾ ಕೂತಿದ್ದರು, ಅವರ ಕೈಯಿಂದಲೇ ಒಂದು ಎಳೆ ಬಾಳೆನಾರು ತಗೊಂಡು ಅಪ್ಪ ಅಳೆದರು. ಗ್ಲೋಬಿನ ಸುತ್ತಳತೆ 63 ಸೆಂ.ಮೀ. ಭೂಮಿಯದ್ದು 40,000 ಕಿ.ಮೀ. ಹಾಗಾಗಿ ಒಂದು ಸೆಂ.ಮೀ.ಗೆ 635 ಕಿ.ಮೀ. ನಾರು 22 ಸೆಂ.ಮೀ.ಗೆ ಒಂದು ಕೂದಲೆಳೆ ಜಾಸ್ತಿ ಬಂತು. ಗುಣಿಸಿದರೆ 14,000 ಚಿಲ್ಲರೆ. ಅಪ್ಪನ ಮುಖ ನೋಡಬೇಕಿತ್ತು. ಕಾಪುವಿನ ಅಣ್ಣನಿಗೆ ಖಂಡಿತ ತಿಳಿಸು ಅಂದರು. ಇವತ್ತು ಅಂಗಳದಲ್ಲಿ ಕೋಲನ್ನೂ ನೆಟ್ಟಿದ್ದಾರೆ.

ಪುಸ್ತಕದಲ್ಲಿ ಹಳೆಯ ಎರಡು ಗೆರೆಯ ಕೆಳಗೆ ಹೊಸ ಲೆಕ್ಕ ಬರೆದಿದ್ದಾರೆ. ಹೋಗುವಾಗ ಕೂಡಿಸು, ಬರುವಾಗ ಕಳೆ, 12.30 ಅಂತ ಮೇಲೆಯೇ ದೊಡ್ಡದಾಗಿ. ತಮ್ಮನಿಗೆ ಹೇಳಿ ದುಬೈಯಲ್ಲಿ ನಾಲ್ಕು ಗಂಟೆ ಸಿಗುವ ಟಿಕೆಟ್ ನೋಡಿಸಿದ್ದೇವೆ, ಬೆಂಗಳೂರಿಂದ ಪೂರ್ತಿ ಒಂದೇ ಟಿಕೆಟ್. ಎರಡು ದಿನ ಮೊದಲು ಬಜ್ಪೆಯಿಂದ ಬೆಂಗಳೂರಿಗೆ ಹೋಗಿ ಚಿಕ್ಕಮ್ಮನ ಮನೆಯಲ್ಲಿ ಉಳಿಯುತ್ತಾರೆ. ವೀಲ್‌ಚೇರ್ ಒಂದು ಅಮ್ಮನಿಗೆ ಹೇಳಿದ್ದಾಯ್ತು. ಅಪ್ಪನನ್ನು ಇನ್ನೂ ಒಪ್ಪಿಸಬೇಕು, ಕುಂದಾಪುರದ ಅಮ್ಮ ಬರೆದದ್ದನ್ನು ಇವತ್ತು ರಾತ್ರಿ ಊಟ ಆದ ಮೇಲೆ ಓದಿ ಹೇಳುತ್ತೇನೆ.

ಅಮ್ಮ ಆ ನಾರನ್ನು ಬಿಸಾಡಲಿಲ್ಲ. ಗ್ಲೋಬಿನ ಮೇಲೆ ಹಾಗೇ ಅಂಟಿಸಿ ಇಡಿ, ಹುಟ್ಟುವ ಮಗು ದೊಡ್ಡದಾಗಿ ಊರಿಗೆ ಬಂದಾಗ ತೋರಿಸಬೇಕು ಅಂದರು. ಗ್ಲೋಬ್ ಶಾಲೆಯದ್ದು, ನಾಳೆ ವಾಪಸ್ ಕೊಡಬೇಕು. ಮನೆಗೆ ಒಂದು ತರುತ್ತೇನೆ ಅಂತ ಹೇಳಿದ್ದೇನೆ. ಉಡುಪಿಯಲ್ಲಿ ಒಳ್ಳೆಯ ಗ್ಲೋಬ್ ಯಾವ ಅಂಗಡಿಯಲ್ಲಿ ಸಿಗುತ್ತದೆ ಅಂತ ಯಾರಿಗಾದರೂ ಗೊತ್ತಿದ್ದರೆ ಹೇಳಿ.